ಗಿನಿಹಂದಿಗಳ ಸಂಸಾರ

ಹೆಸರಿನ ವಿಷಯದಲ್ಲಿ ಗಿನಿಹಂದಿಗೆ ಆಗಿರುವಷ್ಟು ಅನ್ಯಾಯ ಬೇರೊಂದು ಪ್ರಾಣಿಗೆ ಆಗಿರುವುದು ಅಪೂರ್ವ. ಅದು ಗಿನಿ ದೇಶದ್ದಲ್ಲ. ಹಂದಿಯ ಕುಲಕ್ಕಂತೂ ಸೇರಿದುದೇ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಮಡಿಲಲ್ಲಿ ಹುಟ್ಟಿ, ಅಲ್ಲಿಯ ಜನರ ಅಡಿಗೆಮನೆಯಲ್ಲಿ ಸಾವಿರಾರು ವರ್ಷ ಬೆಳೆದು, ಹದಿನಾರನೆಯ ಶತಮಾನದಲ್ಲಿ ಹಡಗುಗಳನ್ನೇರಿ ಯೂರೋಪಿಗೆ ಬಂದ ಈ ಪ್ರಾಣಿಯು ಇಲಿ ಅಳಿಲುಗಳ ಬಳಗದ್ದು. ಜರ್ಮನರು ಅದನ್ನು ಕಡಲ ಹಂದಿಮರಿ ಎಂದರು. ಫ್ರೆಂಚರು ಇಂಡಿಯಾದ ಹಂದಿ ಎಂದು ಕರೆದು, ಕೊಲಂಬಸನ ಭ್ರಾಂತಿಯನ್ನು ಈ ಬಡಜೀವಿಯ ಕೊರಳಿಗೆ ಕಟ್ಟಿದರು. ೧೭೫೮ರಲ್ಲಿ ಲಿನೇಯಸ್ ಪಂಡಿತನು ಜೀವಿಗಳಿಗೆಲ್ಲ ನಾಮಕರಣ ಮಾಡುತ್ತ ಬಂದಾಗಲೂ ಹಂದಿಮರಿಯ ಪ್ರಸ್ತಾಪ ತಪ್ಪಲಿಲ್ಲ. ಇಂದಿಗೂ ಅದರ ಶಾಸ್ತ್ರೀಯ ನಾಮದ ಉತ್ತರಾರ್ಧದಲ್ಲಿ ಆ ಮಾತು ಉಳಿದುಕೊಂಡಿದೆ. ಹುಟ್ಟೂರಿನ ಕ್ವೆಚುವಾ ಜನ ಮಾತ್ರ 'ಕುಯ್' ಎಂದು, ಅದರ ಕೂಗನ್ನೇ ಹೋಲುವ ಹೆಸರಿಟ್ಟು ಸುಮ್ಮನಾಗಿದ್ದಾರೆ. ಹೆಸರಿಡುವ ಕೆಲಸದಲ್ಲಿ ಪಂಡಿತರಿಗಿಂತ ಅಡಿಗೆಮನೆಯವರೇ ಮೇಲೆಂದು ಹೇಳಬೇಕು.

ಇಂತಹ ಪ್ರಾಣಿಯನ್ನು ಮಕ್ಕಳ ಸಂತೋಷಕ್ಕಾಗಿ ತಂದಿಟ್ಟುಕೊಳ್ಳುವ ಮನೆಗಳು ಈಗ ಕನ್ನಡನಾಡಿನ ಪಟ್ಟಣಗಳಲ್ಲಿಯೂ ಉಂಟು. ತಂದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗಂಡನ್ನೂ ಹೆಣ್ಣನ್ನೂ ಒಂದೇ ಗೂಡಿನಲ್ಲಿ ಇಟ್ಟರೆ ಜಗಳವಾಡದೆ ಇರುತ್ತವೆಯೆ? ಉತ್ತರ ಬಹು ಸುಲಭ. ಇರುತ್ತವೆ. ಬೆಳೆದ ಎರಡು ಗಂಡುಗಳನ್ನು ಒಂದುಗೂಡಿಸಲು ಪಡಬೇಕಾದ ಪಾಡಿನ ಕಾಲುಭಾಗವೂ ಇಲ್ಲಿ ಬೇಕಾಗದು. ಆದರೆ ಅವುಗಳ ಜಗಳಕ್ಕೆ ಹೆದರಬೇಕಾದುದಕ್ಕಿಂತ ಅವುಗಳ ಸ್ನೇಹಕ್ಕೆ ಹೆಚ್ಚು ಹೆದರಬೇಕೆಂಬುದನ್ನು ಮಾರುವವರು ಹೇಳುವುದಿಲ್ಲ. ಕೊಳ್ಳುವವರು ಕೇಳುವುದೂ ಇಲ್ಲ.

ಆಂಡೀಸಿನ ಹಳ್ಳಿಗಳ ಅಡಿಗೆಮನೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅಲ್ಲಿಯ ರೈತರ ಮನೆಗಳಲ್ಲಿ ಒಲೆಯ ಬಳಿಯ ಬೆಚ್ಚನೆಯ ನೆಲದ ಮೇಲೆ ಗಂಡು ಹೆಣ್ಣು ಮರಿ ಮುದಿಯೆಂಬ ಬೇರ್ಪಾಡಿಲ್ಲದೆ ಕುಯ್‌ಗಳು ಓಡಾಡಿಕೊಂಡಿರುವುದು ಬಹು ಹಳೆಯ ಪದ್ಧತಿ. ತರಕಾರಿಯ ಸಿಪ್ಪೆ, ಹೊಲದ ಕಳೆ ಅವುಗಳ ಆಹಾರ; ಹಬ್ಬಕ್ಕೋ ನಂಟರಿಗೋ ಅವೇ ಆಹಾರ. ಹೊರಗಿನಿಂದ ನೋಡುವವನಿಗೆ ಇದು ಒಂದು ಆಶ್ರಮದಂತೆ ತೋರಬಹುದು. ಆದರೆ ಆ ಸಾಕಣೆಯನ್ನು ಪರೀಕ್ಷಿಸಿದವರು ಬರೆದಿರುವ ಸಂಗತಿಗಳು ಬೇರೆ. ಗುಂಪಿನ ಕಾಲ್ತುಳಿತಕ್ಕೆ ಸಿಕ್ಕಿ ಹಾಲು ಕುಡಿಯುವ ಮರಿಗಳು ಸಾಯುತ್ತವೆ. ಒಂದೇ ರಕ್ತ ಮತ್ತೆ ಮತ್ತೆ ಕೂಡಿ ಸಂತತಿ ಕ್ಷೀಣಿಸುತ್ತದೆ. ದೊಡ್ಡದನ್ನೆಲ್ಲ ತಿಂದು, ಇಲ್ಲವೆ ಮಾರಿ, ಚಿಕ್ಕದನ್ನೇ ಸಂತಾನಕ್ಕೆ ಉಳಿಸಿಕೊಳ್ಳುವುದರಿಂದ ತಲೆಮಾರಿನಿಂದ ತಲೆಮಾರಿಗೆ ಅವುಗಳ ಗಾತ್ರವೂ ಕುಗ್ಗುತ್ತದೆ. ಆದುದರಿಂದಲೇ ಪೆರು ದೇಶದಲ್ಲಿ ತಿದ್ದಿದ ಕ್ರಮದಿಂದ ಸಾಕುವವರು ಗಿಡ್ಡ ಗೋಡೆಯ ಅಂಕಣಗಳನ್ನು ಕಟ್ಟಿ, ಒಂದು ಗಂಡಿಗೆ ಏಳರಿಂದ ಹತ್ತು ಹೆಣ್ಣುಗಳೆಂಬ ಲೆಕ್ಕದಲ್ಲಿ ಇಡುತ್ತಾರೆ. ಅಲ್ಲಿ ಹೆಚ್ಚಿದ ಸಂಖ್ಯೆಗೆ ಒಲೆಯ ಮೇಲಿನ ಪಾತ್ರೆಯೇ ಪರಿಹಾರ. ಮಗುವಿನ ಒಡನಾಡಿಯೆಂದು ಮನೆಗೆ ತಂದುಕೊಂಡವರಿಗೆ ಆ ಪರಿಹಾರ ಇಲ್ಲ.

ಮೈಸೂರಿನಲ್ಲಿ ನಿವೃತ್ತರಾದ ಮೇಷ್ಟರೊಬ್ಬರ ಮನೆಯಲ್ಲಿ ನಡೆದುದು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಅವರು ಅಂಗಡಿಯಿಂದ ಎರಡು ಗಿನಿಹಂದಿಗಳನ್ನು ತಂದರು. ಒಂದು ಬಿಳಿಯದು, ಇನ್ನೊಂದು ಕಂದು ಬಣ್ಣದ, ದುಂಡನೆಯ ಮುಖದ್ದು. "ಎರಡೂ ಹೆಣ್ಣೇ ಸ್ವಾಮಿ, ಏನೂ ತಾಪತ್ರಯವಿಲ್ಲ" ಎಂದು ಅಂಗಡಿಯವನು ಹೇಳಿದ್ದನು. ಹುಡುಗಿ ಬಿಳಿಯದಕ್ಕೆ ಬೆಳ್ಳಿಯೆಂದೂ ಕಂದಿನದಕ್ಕೆ ಗುಂಡಿಯೆಂದೂ ಹೆಸರಿಟ್ಟಳು. ಹಿತ್ತಿಲ ಕಡೆಯ ಜಗುಲಿಯಲ್ಲಿ ಮೂರಡಿ ಅಗಲ, ಆರಡಿ ಉದ್ದದ ಒಂದು ಅಂಕಣವನ್ನು ಮೇಷ್ಟರು ತಾವೇ ಹಲಗೆ ಜಾಲರಿಗಳಿಂದ ಕಟ್ಟಿದರು. ಒಣಗಿಸಿದ ಹುಲ್ಲು ಯಾವಾಗಲೂ ಮುಂದಿರಬೇಕು. ಹಲ್ಲು ಜೀವಮಾನವೆಲ್ಲ ಬೆಳೆಯುವ ಪ್ರಾಣಿಗೆ ಹುಲ್ಲು ಜಗಿಯುವುದೇ ಕ್ಷೌರ. ಮೇಲೆ ಒಂದು ಹಿಡಿ ಗರಿಕೆ, ಕೊತ್ತಂಬರಿ, ದೊಣ್ಣೆಮೆಣಸಿನಕಾಯಿಯ ಹೋಳು. ಮನುಷ್ಯನಂತೆ ಈ ಪ್ರಾಣಿಯೂ 'ಸಿ' ಜೀವಸತ್ತ್ವವನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು. ೧೯೦೭ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ವಿದ್ವಾಂಸರು ನಾವಿಕರ ಸ್ಕರ್ವಿ ರೋಗವನ್ನು ಇದರಲ್ಲಿಯೇ ಕಂಡು ಆ ಸತ್ತ್ವದ ಶೋಧಕ್ಕೆ ದಾರಿ ಮಾಡಿದರು.

ಕೆಲವು ದಿನಗಳಲ್ಲಿ ಗುಂಡಿಯ ನಡತೆ ಮನೆಯವರ ಕಣ್ಣಿಗೆ ಬಿತ್ತು. ಅದು ಬೆಳ್ಳಿಯ ಸುತ್ತ ಒಂದೊಂದೇ ಹೆಜ್ಜೆಯಿಟ್ಟು, ಹಿಂಭಾಗವನ್ನು ಎಡಕ್ಕೂ ಬಲಕ್ಕೂ ತೂಗುತ್ತ, ದೂರದ ಗುಡುಗಿನಂತಹ ಗುರುಗುರು ಧ್ವನಿಯೊಡನೆ ಪ್ರದಕ್ಷಿಣೆ ಮಾಡುವುದು. ಬೆಳ್ಳಿ ಹುಲ್ಲು ತಿನ್ನುವುದನ್ನು ಬಿಡದು. ಗುಂಡಿ ಬಹಳ ಹತ್ತಿರ ಬಂದರೆ ಕೊಯ್ಯೆಂದು ಚೀರಿ ಓಡುವುದು. ಒಮ್ಮೊಮ್ಮೆ ಹಿಂದಿರುಗಿ ನಿಂತು ಗುಂಡಿಯ ಮುಖಕ್ಕೆ ಗುರಿಯಿಟ್ಟು ಮೂತ್ರವನ್ನು ಚಿಮ್ಮಿಸುವುದೂ ಉಂಟು. ಮೊಮ್ಮಗಳು ಇದನ್ನು ಜಗಳವೆಂದು ತಿಳಿದು, "ತಾತ, ಇವಕ್ಕೆ ಬೇರೆ ಬೇರೆ ಗೂಡು ಕಟ್ಟು" ಎಂದು ಅತ್ತಳು. ಮೇಷ್ಟರ ಪತ್ನಿ ಅಕ್ಕಿ ಆರಿಸುತ್ತ ಕುಳಿತಿದ್ದವರು, ತಲೆಯೆತ್ತಿ ಒಂದು ಗಳಿಗೆ ನೋಡಿ, "ಇದು ಜಗಳವಲ್ಲ ಕಣೇ. ಏನೂಂದ್ರೆ, ಅಂಗಡಿಯವನು ನಿಮಗೆ ಹೇಳಿದ್ದು ಸುಳ್ಳು" ಎಂದರು.

ಆಕೆಯ ಮಾತೇ ನಿಜವಾಯಿತು. ಗಿನಿಹಂದಿಯ ಗಂಡು ತನ್ನ ಅಂಡಗಳನ್ನು ಬೇಕೆಂದಾಗ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳಬಲ್ಲುದು. ಎಳೆಯ ವಯಸ್ಸಿನಲ್ಲಿ ಗಂಡು ಹೆಣ್ಣುಗಳ ಗುರುತು ಮೇಲಿನ ನೋಟಕ್ಕೆ ತಿಳಿಯದಿರಲು ಇದೂ ಒಂದು ಕಾರಣ. ಗೊತ್ತಿರುವ ಕೈಗೆ ಮಾತ್ರ ಅದು ಗುಟ್ಟಲ್ಲ. ಮೇಷ್ಟರಲ್ಲಿ ಹಿಂದೆ ಓದಿದ್ದ ಒಬ್ಬಾಕೆ ಪಶುವೈದ್ಯೆಯಾಗಿ ಅದೇ ಊರಿನಲ್ಲಿದ್ದರು. ಅವರು ಗುಂಡಿಯನ್ನು ಅಂಗೈಯಲ್ಲಿ ಮಲಗಿಸಿ, ಕಿಬ್ಬೊಟ್ಟೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ, "ಇದು ಗಂಡು, ಮೇಷ್ಟ್ರೇ" ಎಂದು ಎರಡು ಮಾತಿನಲ್ಲಿ ತೀರ್ಪು ಕೊಟ್ಟರು. ಗುಂಡಿ ಅಂದಿನಿಂದ ಗುಂಡನಾದನು. ಬೆಳ್ಳಿಯ ಹೊಟ್ಟೆಯನ್ನು ಮುಟ್ಟಿ ನೋಡಿದಾಗ ವೈದ್ಯೆಯ ಮುಖ ಸ್ವಲ್ಪ ಗಂಭೀರವಾಯಿತು. ಒಳಗೆ ಮರಿಗಳಿದ್ದವು.

ಗಂಭೀರವಾಗಲು ಕಾರಣವುಂಟು. ಇಲಿಯ ಗರ್ಭ ಮೂರು ವಾರದ್ದು; ಗಿನಿಹಂದಿಯದು ಸುಮಾರು ಐವತ್ತೊಂಬತ್ತು ದಿನಗಳಿಂದ ಎಪ್ಪತ್ತೆರಡು ದಿನಗಳವರೆಗೆ ಬೆಳೆಯುವುದು. ಇಲಿಯ ಮರಿ ಕಣ್ಣು ತೆರೆಯದ ಮಾಂಸದ ಮುದ್ದೆ. ಇದರದೋ ಕಣ್ಣು, ಕೂದಲು, ಹಲ್ಲು ಎಲ್ಲವನ್ನೂ ಸಿದ್ಧಪಡಿಸಿಕೊಂಡೇ ಲೋಕಕ್ಕೆ ಬರುವುದು. ಹುಟ್ಟಿದ ಒಂದೆರಡು ದಿನಗಳೊಳಗೆ ಹುಲ್ಲಿಗೂ ಬಾಯಿ ಹಾಕುವುದು. ನೋಡುವವರಿಗೆ ಇದು ಆನಂದ. ಹೊರುವವಳಿಗೆ ಮಾತ್ರ ಬಲು ಭಾರ. ಇದಕ್ಕಿಂತ ಕಠಿನವಾದ ಸಂಗತಿ ಇನ್ನೊಂದು. ಆರೇಳು ತಿಂಗಳ ವಯಸ್ಸಿಗೆ ಮುಂಚೆ ಒಮ್ಮೆಯೂ ಹೆರದ ಹೆಣ್ಣಿನಲ್ಲಿ ಕಟಿಯ ಎಲುಬುಗಳ ಮುಂದಿನ ಸಂಧಿಯು ಗಡುಸಾಗಿ ಬೆಸೆದುಕೊಂಡುಬಿಡುವುದು. ಆಮೇಲೆ ಅದು ಮೊದಲ ಬಾರಿಗೆ ಗರ್ಭ ಧರಿಸಿದರೆ, ಅಷ್ಟು ಬೆಳೆದ ಮರಿಯ ತಲೆ ಹೊರಬರಲು ದಾರಿ ತೆರೆಯದೆ, ಶಸ್ತ್ರಕ್ರಿಯೆಯಾಗದಿದ್ದರೆ ತಾಯಿಯೂ ಮರಿಯೂ ಒಟ್ಟಿಗೆ ಸಾಯುವುದುಂಟು. 'ಪಾಪ, ಒಂದು ಸಲವಾದರೂ ತಾಯಿಯಾಗಲಿ' ಎಂದು ವಯಸ್ಸು ಮೀರಿದ ಹೆಣ್ಣಿನ ಜೊತೆಗೆ ಗಂಡನ್ನು ಬಿಡುವ ಕರುಣಾಳುಗಳು ಈ ಎಲುಬಿನ ವೃತ್ತಾಂತವನ್ನು ತಿಳಿದಿರುವುದು ಒಳ್ಳೆಯದು. ಬೆಳ್ಳಿಗೆ ಆಗ ನಾಲ್ಕು ತಿಂಗಳು ದಾಟಿತ್ತು, ಸಮಯ ಮೀರಿರಲಿಲ್ಲ.

"ಗಂಡನ್ನು ಇವತ್ತೇ ಬೇರೆ ಮಾಡಿ ಮೇಷ್ಟ್ರೇ. ಹೆತ್ತ ಕೆಲವೇ ಗಂಟೆಗಳಲ್ಲಿ ಇದು ಮತ್ತೆ ಗರ್ಭ ಧರಿಸಬಲ್ಲುದು" ಎಂದರು ವೈದ್ಯೆ. ಸೃಷ್ಟಿಯು ಎಲ್ಲರ ಆಹಾರವಾದ ಈ ಪ್ರಾಣಿಗೆ ವಂಶ ಉಳಿಸಿಕೊಳ್ಳಲು ಕೊಟ್ಟಿರುವ ಉಪಾಯ ಇದು. ಬಯಲಿನಲ್ಲಿ ಹದ್ದು ನರಿಗಳಿರುವಾಗ ಅದಕ್ಕೆ ಅರ್ಥವಿದೆ. ಜಗುಲಿಯ ಮೇಲಿನ ಅಂಕಣದಲ್ಲಿ ಅದೇ ಉಪಾಯವು ತಾಯಿಯ ಮೈಯನ್ನು ತಿಂದುಹಾಕುವುದು.

ಅಂದು ಸಂಜೆಯೇ ಅಂಕಣದ ನಡುವೆ ಜಾಲರಿಯೇರಿತು. ಗುಂಡನು ಒಂದು ಕಡೆ, ಬೆಳ್ಳಿ ಒಂದು ಕಡೆ. ಒಂಟಿಯಾಗಿ ಬೇರೆ ಕೋಣೆಯಲ್ಲಿಟ್ಟರೆ ಕೊರಗುವ ಪ್ರಾಣಿಗಳಾದುದರಿಂದ, ಮುಖ ನೋಡುವಷ್ಟು, ಮೂಸುವಷ್ಟು, ಮಾತನಾಡುವಷ್ಟು ಅವಕಾಶವನ್ನು ಉಳಿಸಿ, ಅದಕ್ಕಿಂತ ಹೆಚ್ಚಿನದನ್ನು ಮಾತ್ರ ತಡೆದುದಾಯಿತು.

ಇನ್ನು ಶಸ್ತ್ರಕ್ರಿಯೆಯ ಪ್ರಶ್ನೆ. ಹೆಣ್ಣಿಗೆ ಮಾಡುವ ಶಸ್ತ್ರಕ್ರಿಯೆ ಹೊಟ್ಟೆಯನ್ನು ಬಗೆಯುವಂತಹದು. ಗಂಡಿಗೆ ಮಾಡುವುದು ಅದಕ್ಕಿಂತ ಹಗುರವಾದುದು. ಆದುದರಿಂದ ಗುಂಡನಿಗೆ ಅಂಡಗಳನ್ನು ತೆಗೆಯುವುದು ಲೇಸೆಂದು ವೈದ್ಯೆಯ ಸಲಹೆ. ಮೇಷ್ಟರು ಒಪ್ಪಿದರು. ಅವರ ಪತ್ನಿ ಒಪ್ಪಲಿಲ್ಲ. "ಮೂಕಪ್ರಾಣಿಗೆ ಕತ್ತಿ ಹಾಕಿಸುವುದೆ? ಅದು ನಿಮ್ಮನ್ನು ಕೇಳಿತೆ? ಹಾಗೆ ಬೇರೆಯಾಗಿಯೇ ಇದ್ದುಕೊಳ್ಳಲಿ" ಎಂಬುದು ಆಕೆಯ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮತ್ತುಬರಿಸುವ ಔಷಧವನ್ನು ಇಷ್ಟು ಸಣ್ಣ ಪ್ರಾಣಿಗೆ ಕೊಡುವುದರಲ್ಲಿ ಅಪಾಯವುಂಟು. ನುರಿತ ಕೈಗಳಲ್ಲಿಯೂ ಅದು ಪೂರ್ತಿಯಾಗಿ ಇಲ್ಲವಾಗದು. ತನ್ನ ಲಾಭವನ್ನು ತಿಳಿಯಲಾರದ ಜೀವಿಯ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡುವುದು ಯಾವಾಗಲೂ ಅಂಜಿಕೆಯ ಕೆಲಸವೇ.

ಮೂರು ದಿನ ಮನೆಯಲ್ಲಿ ಈ ಮಾತು ನಡೆಯಿತು. ಕಡೆಗೆ ವಾದವನ್ನು ಗೆದ್ದವನು ಗುಂಡನೇ. ಅವನು ಹಗಲಿರುಳೂ ಜಾಲರಿಯ ಬುಡದಲ್ಲಿ ಕುಳಿತು, ಕಂಬಿಯನ್ನು ಹಲ್ಲಿನಿಂದ ಕಡಿಯುತ್ತ, ಹುಲ್ಲನ್ನೂ ಸರಿಯಾಗಿ ಮುಟ್ಟದಾದನು. ನಾಲ್ಕನೆಯ ಬೆಳಗ್ಗೆ ಆ ತಾಯಿ ಕೊತ್ತಂಬರಿಯ ಕಂತೆಯನ್ನು ಹಿಡಿದು ಅವನ ಮುಂದೆ ಬಹಳ ಹೊತ್ತು ಕುಳಿತಿದ್ದು, ಎದ್ದು ಬಂದು, "ಇದು ಆರು ವರ್ಷ ಏಳು ವರ್ಷ ಹೀಗೆಯೇ ಇರಬೇಕೆ? ಕರೆದುಕೊಂಡು ಹೋಗಿ" ಎಂದರು. ಮತ್ತೆ ಒಳಗೆ ಹೋಗಿ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದರು.

ನಾಯಿ ಬೆಕ್ಕುಗಳಿಗೆ ಮಾಡುವಂತೆ ಈ ಪ್ರಾಣಿಯನ್ನು ಶಸ್ತ್ರಕ್ರಿಯೆಗೆ ಮುಂಚೆ ರಾತ್ರಿಯೆಲ್ಲ ಉಪವಾಸವಿಡುವುದಿಲ್ಲ. ಅದಕ್ಕೆ ವಾಂತಿಯಾಗದು, ಆದರೆ ಕರುಳು ನಿಂತರೆ ಪ್ರಾಣಕ್ಕೆ ಬರುವುದು. ಪೆನಿಸಿಲಿನ್ ಜಾತಿಯ ಔಷಧವನ್ನು ಬಾಯಿಯ ಮೂಲಕ ಕೊಟ್ಟರೂ ಕರುಳಿನೊಳಗಿನ ಉಪಕಾರಿ ಜೀವಾಣುಗಳು ನಾಶವಾಗಿ ಸಾವು ಬರಬಹುದು. ವೈದ್ಯೆ ಇವನ್ನೆಲ್ಲ ಬಲ್ಲವರು. ಗುಂಡನು ಆ ಮಧ್ಯಾಹ್ನವೇ ಕಣ್ಣರಳಿಸಿ ಒಂದು ಎಸಳು ಹುಲ್ಲನ್ನು ಕಚ್ಚಿದನು. ಗಾಯಕ್ಕೆ ಧೂಳು ತಗಲದಂತೆ ಕೆಲವು ದಿನ ಹೊಟ್ಟಿನ ಹಾಸನ್ನು ತೆಗೆದು ಹಳೆಯ ಮಗ್ಗುಲುಹಾಸುಗಳನ್ನು ಒಗೆದು ಹಾಸಿದರು. "ಆದರೆ ಇನ್ನೂ ಆರು ವಾರ ಬೆಳ್ಳಿಯ ಹತ್ತಿರ ಬಿಡಬೇಡಿ, ಶಸ್ತ್ರಕ್ರಿಯೆಯಾದ ಮೇಲೂ ಒಳಗೆ ಉಳಿದ ಬೀಜಕ್ಕೆ ಅಷ್ಟು ದಿನ ಶಕ್ತಿಯಿರುವುದು" ಎಂದು ವೈದ್ಯೆ ಎಚ್ಚರಿಸಿದರು. ಈ ಒಂದು ಮಾತನ್ನು ಮರೆತ ಮನೆಗಳಲ್ಲಿ 'ಶಸ್ತ್ರಕ್ರಿಯೆ ಮಾಡಿಸಿಯೂ ಮರಿಯಾಯಿತು' ಎಂಬ ಪವಾಡಗಳು ನಡೆದಿರುತ್ತವೆ.

ಒಂದು ವಾರ ಕಳೆದು ಬೆಳ್ಳಿ ಮೂರು ಮರಿಗಳನ್ನು ಹೆತ್ತಿತು. ಎರಡು ಹೆಣ್ಣು, ಒಂದು ಗಂಡು. ಬೆಳಗ್ಗೆ ಮನೆಯವರು ನೋಡುವಷ್ಟರಲ್ಲಿ ಅವು ಮೈ ಒಣಗಿಸಿಕೊಂಡು, ತಾಯಿಯ ಹಿಂದೆ ಗೋಲಿಗಳಂತೆ ಓಡಾಡುತ್ತಿದ್ದವು. ಜಾಲರಿಯ ಆಚೆ ಗುಂಡನು ಮೂಗನ್ನು ಕಂಬಿಗೆ ಒತ್ತಿಕೊಂಡು ನಿಂತಿದ್ದನು.

ಮರಿಗಳ ಬಾಲಲೀಲೆಯನ್ನು ವರ್ಣಿಸಿ ವಾಚಕರ ಹೊತ್ತನ್ನು ಕಳೆಯಬೇಕಾಗಿಲ್ಲ. ಮೊಮ್ಮಗಳಿದ್ದ ಮನೆಯಲ್ಲಿ ಅದರ ವರ್ಣನೆಗೆ ಕೊರತೆಯಿರಲಿಲ್ಲ. ಮುಖ್ಯವಾದುದು ಗಂಡುಮರಿಯ ವಿಷಯ. ಮೂರು ವಾರ ತುಂಬುತ್ತಲೇ ಗಂಡುಮರಿಯನ್ನು ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಅಗಲಿಸಬೇಕೆಂದು ಬಲ್ಲವರ ಕಟ್ಟಳೆ. ಹೆಣ್ಣುಮರಿ ನಾಲ್ಕು ವಾರಕ್ಕೇ ಗರ್ಭ ಧರಿಸಿದ ಉದಾಹರಣೆಗಳುಂಟು. ಹಾಗೆಂದು ಅಂಗೈಯಗಲದ ಮರಿಯನ್ನು ಒಂಟಿಯಾಗಿ ಕೂಡಿಡುವುದೂ ಸರಿಯಲ್ಲ. ಮೇಷ್ಟರು ಅದನ್ನು ಜಾಲರಿಯ ಆಚೆಗೆ, ತಂದೆಯ ಬಳಿಗೆ ಬಿಟ್ಟರು. ಗುಂಡನು ಅದನ್ನು ಮೂಸಿದನು, ಒಮ್ಮೆ ಬೆನ್ನಟ್ಟಿದನು, ಮರಿ ಕೀರಲು ಧ್ವನಿಯಿಂದ ಶರಣಾಗತಿಯನ್ನು ತಿಳಿಸಿದ ಮೇಲೆ ತನ್ನ ಪಾಡಿಗೆ ತಾನು ಹುಲ್ಲಿಗೆ ತಿರುಗಿದನು. ರಾತ್ರಿ ಎರಡೂ ಒಂದೇ ಗುಡಿಸಲಿನಲ್ಲಿ ಮಲಗಿದ್ದವು.

ಹೀಗೆ ಮರಿ ಹಿರಿಯ ಗಂಡಿನ ಕೈಕೆಳಗೆ ಬೆಳೆಯುವುದರಲ್ಲಿ ಒಂದು ತತ್ತ್ವ ಅಡಗಿದೆ. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರಾದ ನಾರ್ಬರ್ಟ್ ಸಾಕ್ಸರ್ ಎಂಬುವರು ಸಂಗಡಿಗರೊಡನೆ ಅನೇಕ ವರ್ಷ ಗಿನಿಹಂದಿಗಳ ಸಮಾಜವನ್ನು ಪರೀಕ್ಷಿಸಿ, ೧೯೯೮ರಲ್ಲಿ ಅದರ ಸಾರವನ್ನು ಪ್ರಕಟಿಸಿದರು. ಗಂಡು ಹೆಣ್ಣುಗಳು ಕೂಡಿದ ದೊಡ್ಡ ಗುಂಪಿನಲ್ಲಿ ಬೆಳೆದ ಗಂಡುಗಳನ್ನು ಹೊಸ ಜಾಗದಲ್ಲಿ, ಹೊಸ ಗಂಡಿನೆದುರು, ಹೊಸ ಹೆಣ್ಣೊಂದರ ಸಮ್ಮುಖದಲ್ಲಿ ಬಿಟ್ಟರೂ ಅವು ರಕ್ತ ಬರುವಂತೆ ಕಾದಾಡುವುದಿಲ್ಲ. ಯಾರು ಮೇಲು ಯಾರು ಕೆಳಗೆಂಬುದನ್ನು ಸನ್ನೆಗಳಿಂದಲೇ ಗೊತ್ತುಮಾಡಿಕೊಳ್ಳುತ್ತವೆ. ಒಂಟಿಯಾಗಿಯೋ ಒಂದೇ ಹೆಣ್ಣಿನ ಜೊತೆಯಲ್ಲಿಯೋ ಬೆಳೆದ ಗಂಡುಗಳನ್ನು ಅದೇ ಪರೀಕ್ಷೆಗೆ ಒಡ್ಡಿದರೆ ಘೋರವಾಗಿ ಹೊಡೆದಾಡುತ್ತವೆ. ಸೋತದ್ದರ ಮೈಯಲ್ಲಿ ಸಂಕಟದ ರಸಗಳು ಉಕ್ಕಿ ಅದು ಕೃಶವಾಗುವುದು. ಪ್ರಾಯಕ್ಕೆ ಬರುವ ಕಾಲದಲ್ಲಿ ಹಿರಿಯ ಗಂಡುಗಳಿಂದ ಗದರಿಕೆ ತಿಂದು, ಬಗ್ಗುವುದನ್ನೂ ದಾರಿ ಬಿಡುವುದನ್ನೂ ಕಲಿತುಕೊಂಡವು ಮಾತ್ರ ಮುಂದೆ ಸಮಾಜದಲ್ಲಿ ಬಾಳಬಲ್ಲವೆಂದು ಇದರಿಂದ ಹೊರಪಡುತ್ತದೆ. ಮೇಷ್ಟರಿಗೆ ಈ ಸಂಗತಿ ಬಹಳ ಹಿಡಿಸಿತು. ಮೂವತ್ತು ವರ್ಷ ಹುಡುಗರನ್ನು ಗದರಿಸಿದವರಿಗೆ ಹಿಡಿಸದೆ ಇರುವುದು ಹೇಗೆ?

ಆದರೆ ಗುಂಡನು ಹೆಣ್ಣುಗಳ ಕಡೆಗೆ ಹಿಂದಿರುಗುವ ದಿನ ಬಂದರೆ ಮರಿಯ ಗತಿಯೇನು? ಅದಕ್ಕೂ ಶಸ್ತ್ರಕ್ರಿಯೆ ಮಾಡಿಸಿ ಅಲ್ಲಿಯೇ ಬಿಡಬಹುದಾಗಿತ್ತು. ಆದರೆ ಹೆಣ್ಣುಗಳು ಎದುರಿಗಿರುವಾಗ ಎರಡು ಗಂಡುಗಳ ಸ್ನೇಹ, ತಂದೆಮಗನಾದರೂ, ಬಹುಕಾಲ ನಿಲ್ಲುವುದೆಂದು ಹೇಳಲಾಗದು. ಅಂಡಗಳನ್ನು ತೆಗೆದರೆ ಸಂತಾನ ನಿಲ್ಲುವುದೇ ಹೊರತು ಯಜಮಾನಿಕೆಯ ಆಸೆ ನಿಲ್ಲದು. ಪಕ್ಕದ ಬೀದಿಯ ಒಂದು ಮನೆಯಲ್ಲಿ ಜೊತೆಗಾರನನ್ನು ಕಳೆದುಕೊಂಡ ಒಂದು ಮುದಿ ಗಂಡು ಇತ್ತು; ಅಲ್ಲಿ ಹೆಣ್ಣುಗಳಿರಲಿಲ್ಲ. ಮೂರು ವಾರ ತಂದೆಯ ಬಳಿ ಇದ್ದ ಮರಿಯು ಅಲ್ಲಿಗೆ ಹೋಯಿತು. ಮುದಿಯ ಜೀವಕ್ಕೆ ಸಂಗಾತಿ ಸಿಕ್ಕಿತು. ಮರಿಗೆ ಗದರಿಸುವವನು ಸಿಕ್ಕಿದನು.

ಗುಂಡನ ಪುನಃಪ್ರವೇಶಕ್ಕೆ ಮೇಷ್ಟರು ಒಂದು ಭಾನುವಾರವನ್ನು ಇಟ್ಟುಕೊಂಡರು. ಹಳೆಯ ಅಂಕಣದಲ್ಲಿ ಬೆಳ್ಳಿಯ ವಾಸನೆ ಬೆಳ್ಳಿಗೇ ಒಡೆತನವಾಗಿರುವುದರಿಂದ, ಯಾರದೂ ಅಲ್ಲದ ನಡುಮನೆಯ ನೆಲದ ಮೇಲೆ ಹಳೆಯ ಜಮಖಾನವನ್ನು ಹಾಸಿ, ಅಲ್ಲಲ್ಲಿ ಹುಲ್ಲಿನ ರಾಶಿ ಹಾಕಿದರು. ಅಡಗಲು ಇಟ್ಟ ಪೆಟ್ಟಿಗೆಗಳಿಗೆಲ್ಲ ಎರಡೆರಡು ಬಾಗಿಲು. ಒಂದೇ ಬಾಗಿಲಿನ ಗೂಡಿನಲ್ಲಿ ಹೊಕ್ಕದ್ದನ್ನು ಇನ್ನೊಂದು ಬಾಗಿಲಲ್ಲೇ ನಿಂತು ತಡೆದರೆ ಹೆದರಿದ ಪ್ರಾಣಿಗೆ ಕಚ್ಚುವುದಲ್ಲದೆ ಬೇರೆ ಉಪಾಯವಿರದು. ಗಿನಿಹಂದಿಗಳ ಜಗಳಗಳಲ್ಲಿ ಅರ್ಧದಷ್ಟು ಬಡಗಿಯ ತಪ್ಪೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಗುಂಡನು ಕಾಲಿಟ್ಟೊಡನೆ ಗುರುಗುರು ಪ್ರದಕ್ಷಿಣೆ ಮೊದಲಾಯಿತು. ಬೆಳ್ಳಿ ಹಲ್ಲುಗಳನ್ನು ಕಟಕಟಿಸಿತು. ಕುತ್ತಿಗೆಯ ಕೂದಲು ನಿಮಿರಿತು. ಮೊಮ್ಮಗಳು ಕೈ ಹಾಕಲು ಹೋದಳು. "ಬೇಡ ಮಗು, ಮಾತಾಡಿಕೊಳ್ಳಲಿ" ಎಂದು ಮೇಷ್ಟರು ತಡೆದರು. ಬೆನ್ನಟ್ಟುವುದು, ಗದ್ದವೆತ್ತಿ ನಿಲ್ಲುವುದು, ಹಲ್ಲು ಕಟಕಟಿಸುವುದು, ಮೂತ್ರ ಚಿಮ್ಮುವುದು, ಇವೆಲ್ಲ ಆ ಜಾತಿಯ ಭಾಷೆ. ನಡುವೆ ಬಿಡಿಸಿದರೆ ವಾಕ್ಯ ಅರ್ಧದಲ್ಲಿ ನಿಂತು, ನಾಳೆ ಮತ್ತೆ ಮೊದಲಿನಿಂದ ಆರಂಭವಾಗುವುದು. ಎರಡೂ ಉರುಳಾಡಿ ಒಂದನ್ನೊಂದು ಕಚ್ಚಿ ರಕ್ತ ಬಂದರೆ ಮಾತ್ರ ಬಿಡಿಸಬೇಕು. ಅದೂ ಬರಿಗೈಯಿಂದಲ್ಲ, ದಪ್ಪ ಬಟ್ಟೆಯನ್ನು ಅಡ್ಡ ಹಾಕಿ. ಅಂದು ಅಷ್ಟಕ್ಕೆ ಹೋಗಲಿಲ್ಲ. ಮೂರನೆಯ ಪ್ರದಕ್ಷಿಣೆಯಲ್ಲಿ ಬೆಳ್ಳಿ ಗುಂಡನ ಮೂಗಿಗೇ ಸರಿಯಾಗಿ ಉತ್ತರ ಕೊಟ್ಟಿತು. ಗುಂಡನು ತಲೆ ಕೊಡವಿ, ಒದ್ದೆ ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡು, ಹತ್ತಿರವಿದ್ದ ಹುಲ್ಲಿನ ರಾಶಿಗೆ ಬಾಯಿ ಹಾಕಿದನು. ಸ್ವಲ್ಪ ಹೊತ್ತಿನ ಮೇಲೆ ಬೆಳ್ಳಿಯೂ ಅದೇ ರಾಶಿಯ ಇನ್ನೊಂದು ಮಗ್ಗುಲಿಗೆ ಬಂದಿತು.

"ತಂದೆಯ ಜೊತೆಗೆ ಹೆಣ್ಣುಮಕ್ಕಳು..." ಎಂದು ಮೇಷ್ಟರ ಪತ್ನಿ ಮೆಲ್ಲನೆ ಮಾತೆತ್ತಿದರು. ಆರು ವಾರ ಕಳೆದುದರಿಂದ ಭಯವಿಲ್ಲವೆಂದು ವೈದ್ಯೆ ಹೇಳಿದ್ದನ್ನು ಮೇಷ್ಟರು ತಿಳಿಸಿದ ಮೇಲೆ, "ಹಾಗಾದರೆ ಅವನು ವಾನಪ್ರಸ್ಥನಾದ ಹಾಗೆ" ಎಂದು ಆಕೆ ಸಮಾಧಾನಗೊಂಡರು.

ಒಂದು ಗಂಡು, ಅದೂ ಶಸ್ತ್ರಕ್ರಿಯೆಯಾದದ್ದು. ಅದರೊಡನೆ ಎರಡು ಮೂರು ಹೆಣ್ಣು. ಗಿನಿಹಂದಿಗಳನ್ನು ಬಹುಕಾಲ ಸಾಕಿದವರಲ್ಲಿ ಅನೇಕರು ಇದನ್ನೇ ಅತ್ಯಂತ ಶಾಂತವಾದ ಸಂಸಾರವೆನ್ನುವರು. ಕಾಡಿನ ಬಂಧುಗಳೂ ಒಂದು ಗಂಡಿನ ಸುತ್ತ ಕೆಲವು ಹೆಣ್ಣುಗಳಂತೆ ಬಾಳುತ್ತವೆ. ಇದರಲ್ಲಿ ಗಂಡನ್ನು ರಾಜನೆಂದು ಭಾವಿಸುವುದು ಹೊರಗಿನವರ ಕಲ್ಪನೆ. ಮೇಷ್ಟರ ಜಗ
ುಲಿಯಲ್ಲಿ ಒಳ್ಳೆಯ ಮೂಲೆ ಯಾವುದೆಂಬುದನ್ನೂ ದೊಣ್ಣೆಮೆಣಸಿನಕಾಯಿಯ ಮೊದಲ ಹೋಳು ಯಾರಿಗೆಂಬುದನ್ನೂ ನಿರ್ಣಯಿಸುವುದು ಬೆಳ್ಳಿ. ಹೆಣ್ಣುಮಕ್ಕಳಿಬ್ಬರು ಜಗಳವಾಡಿದರೆ ಗುಂಡನು ಗುರುಗುಟ್ಟುತ್ತ ನಡುವೆ ನಡೆದುಹೋಗುವನು. ಅಷ್ಟಕ್ಕೆ ಅವು ಚದುರುತ್ತವೆ. ಅವನ ರಾಜ್ಯಭಾರ ಅಷ್ಟೇ.

ಆದರೂ ಗಂಡಿಗೆ ಹೆಣ್ಣಿನ ಸಾನ್ನಿಧ್ಯವು ಬರಿಯ ಕಾಮಕ್ಕಾಗಿ ಅಲ್ಲವೆಂಬುದಕ್ಕೆ ಅದೇ ಜರ್ಮನ್ ವಿದ್ವಾಂಸರ ಪ್ರಯೋಗವೊಂದು ಸಾಕ್ಷಿ. ಗಂಡು ಗಿನಿಹಂದಿಯನ್ನು ಅಪರಿಚಿತವಾದ ಅಂಕಣದಲ್ಲಿ ಒಂಟಿಯಾಗಿ ಬಿಟ್ಟರೆ ಅದರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಸಂಕಟದ ರಸ ಏರುವುದು. ಯಾವುದೋ ಹೆಣ್ಣನ್ನು ಜೊತೆಗೆ ಬಿಟ್ಟರೂ ಅದು ಇಳಿಯದು. ತನ್ನೊಡನೆ ಬಾಳಿದ, ತಾನು ಬಹುಕಾಲ ಬಳಿಯಲ್ಲಿ ಮಲಗಿದ ಹೆಣ್ಣು ಜೊತೆಗಿದ್ದರೆ ಮಾತ್ರ ಏರಿಕೆ ಬಹಳ ಕಡಿಮೆಯಾಗುವುದು. ಜಾಲರಿಯ ಬುಡದಲ್ಲಿ ಕುಳಿತು ಕಂಬಿ ಕಡಿದ ಗುಂಡನನ್ನು ನೋಡಿದವರಿಗೆ ಈ ಲೆಕ್ಕ ಹೊಸದಾಗಿ ತೋರದು.

ಇಂತಹ ಪ್ರಾಣಿಯನ್ನು ಒಂಟಿಯಾಗಿ ಇಡುವುದು ಹಿಂಸೆಯೆಂದು ಸ್ವಿಟ್ಜರ್ಲೆಂಡಿನವರು ಕಾನೂನನ್ನೇ ಮಾಡಿದ್ದಾರೆ. ೨೦೦೮ರಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣೆಯ ನಿಯಮಗಳಂತೆ ಅಲ್ಲಿ ಗಿನಿಹಂದಿಯನ್ನು ಕಡಮೆಯೆಂದರೆ ಎರಡರಂತೆ ಸಾಕಬೇಕು. ಇದರಿಂದ ಒಂದು ವಿಚಿತ್ರವಾದ ತೊಡಕು ಹುಟ್ಟಿತು. ಜೊತೆಯಲ್ಲಿ ಒಂದು ಸತ್ತರೆ ಉಳಿದುದಕ್ಕೆ ಹೊಸದನ್ನು ತರಬೇಕು. ಹಳೆಯದು ಸತ್ತರೆ ಆ ಹೊಸದಕ್ಕೆ ಇನ್ನೊಂದು. ಹೀಗೆ ಸಾಕುವ ಮನಸ್ಸಿಲ್ಲದವರಿಗೂ ಸರಣಿ ಮುಗಿಯುವಂತಿಲ್ಲ. ಅದಕ್ಕಾಗಿ ಆ ದೇಶದಲ್ಲಿ ಉಳಿದ ಒಂಟಿ ಪ್ರಾಣಿಗೆ ಅದರ ಆಯುಸ್ಸು ಇರುವವರೆಗೆ ಸಂಗಾತಿಯನ್ನು ಬಾಡಿಗೆಗೆ ಕೊಡುವ ಏರ್ಪಾಡು ಹುಟ್ಟಿಕೊಂಡಿತು. ಇದನ್ನು ಕೇಳಿ ಮೇಷ್ಟರ ಪತ್ನಿ ಮೊದಲು ನಕ್ಕರು; ಪಕ್ಕದ ಬೀದಿಗೆ ಹೋದ ಮರಿಯನ್ನು ನೆನೆದು, "ಬಾಡಿಗೆ ಏಕೆ, ನಾವು ಹಾಗೆಯೇ ಕೊಟ್ಟೆವಲ್ಲ" ಎಂದರು.

ಗಿನಿಹಂದಿಯು ತನ್ನ ರೋಗವನ್ನು ಬಚ್ಚಿಡುವ ಪ್ರಾಣಿ. ತೂಕವೊಂದೇ ಮೊದಲು ಗುಟ್ಟು ಬಿಡುವುದು. ಆದುದರಿಂದ ಮೇಷ್ಟರು ಪ್ರತಿ ಭಾನುವಾರ ಅಡಿಗೆಮನೆಯ ತಕ್ಕಡಿಯನ್ನು ಜಗುಲಿಗೆ ತಂದು, ಬುಟ್ಟಿಯಲ್ಲಿ ಒಂದೊಂದನ್ನೇ ಕೂರಿಸಿ ತೂಗುವರು. ಮೊಮ್ಮಗಳು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವಳು. ಮರಿಗಳಿಗೆ ನಾಲ್ಕು ತಿಂಗಳು ತುಂಬಿದ ವಾರದ ಪುಟದಲ್ಲಿ ಹೀಗಿದೆ: ಗುಂಡ ೧೦೪೦ ಗ್ರಾಂ, ಬೆಳ್ಳಿ ೯೧೦, ದೊಡ್ಡ ಮಗಳು ೬೨೦, ಚಿಕ್ಕ ಮಗಳು ೫೯೫. ಗುಂಡನ ಹೆಸರಿನ ಮುಂದೆ ಬೇರೆ ಶಾಯಿಯಲ್ಲಿ, ಅಜ್ಜಿಯ ಅಕ್ಷರದಲ್ಲಿ, 'ಕೊತ್ತಂಬರಿ ಸ್ವಲ್ಪ ಕಡಮೆ ಮಾಡುವುದು' ಎಂದು ಬರೆದಿದೆ.